ನಾನೇ ಕಟ್ಟಿಸಿದ ತಪ್ಪು ರ‍್ಯಾಂಪು

2014ರಲ್ಲಿ ದಾವಣಗೆರೆಯ ಒಂದು ಬ್ಯಾಂಕ್ ಶಾಖೆಯ ಕಟ್ಟಡಕ್ಕೆ ನಾನು ಸೈಟ್ ಇಂಜಿನಿಯರ್. ಬಾಗಿಲ ಮುಂದೆ ಮೂರು ಮೆಟ್ಟಿಲು, ಒಟ್ಟು 18 ಇಂಚು ಎತ್ತರ. "ಪಕ್ಕದಲ್ಲಿ ಒಂದು ರ‍್ಯಾಂಪ್ ಹಾಕ್ಬಿಡಿ, ಫೋಟೋ ಕಳಿಸ್ಬೇಕು" ಅಂದರು ಬ್ಯಾಂಕಿನವರು. ಉಳಿದಿದ್ದ ಜಾಗ ಆರೇ ಅಡಿ. ಅಷ್ಟರಲ್ಲೇ ಹಾಕಿಸಿದೆ. "ಸಾರ್, ಇದ್ರ ಮೇಲೆ ಸ್ಕೂಟರ್ ಹತ್ತಿಸಬಹುದು ಅಷ್ಟೇ" ಅಂತ ಮೇಸ್ತ್ರಿ ನಕ್ಕ. ಶಾಖೆ ಶುರುವಾದ ವಾರ ಬಿಲ್ ಕೇಳಲು ಹೋಗಿದ್ದೆ. ವೀಲ್‌ಚೇರಿನಲ್ಲಿ ಬಂದ ಹಿರಿಯರೊಬ್ಬರು ಆ ರ‍್ಯಾಂಪನ್ನು ಒಮ್ಮೆ ನೋಡಿದರು. ಮಗನ ಕೈಗೆ ಪಾಸ್‌ಬುಕ್ ಕೊಟ್ಟು ಬಿಸಿಲಲ್ಲೇ ಉಳಿದರು.

ಒಂದು ಇಂಚು ಏರಲು ಕನಿಷ್ಠ ಹನ್ನೆರಡು ಇಂಚು ಉದ್ದ ಬೇಕು. ಅಂದರೆ ನನ್ನ 18 ಇಂಚಿಗೆ 18 ಅಡಿ. ನಾನು ಕೊಟ್ಟಿದ್ದು ಅದರಲ್ಲಿ ಮೂರನೇ ಒಂದು ಭಾಗ. ಡಿಪ್ಲೊಮಾದಲ್ಲಿ ಈ ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ. ಅಥವಾ ನಾನು ಆ ದಿನ ಕ್ಲಾಸಿಗೆ ಹೋಗಿರಲಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಆಗ ನಾನು ಬೆಂಗಳೂರಿನ ಒಂದು ಬಿಲ್ಡರ್ ಆಫೀಸಿನಲ್ಲಿದ್ದೆ. "ಇದನ್ನು ಓದಿ ಏನು ಮಾಡ್ಬೇಕು ಹೇಳಿ" ಅಂತ ಫೈಲು ನನ್ನ ಟೇಬಲ್ಲಿಗೆ ತಳ್ಳಿದರು. 44ನೇ ಸೆಕ್ಷನ್ ಓದುವಾಗ ನಿದ್ದೆ ಹಾರಿತು. ಅಂಗವಿಕಲರೂ ಬಳಸುವಂತೆ ಕಟ್ಟುವ ನಿಯಮ ಪಾಲಿಸದ ನಕ್ಷೆಗೆ ಅನುಮತಿ ಇಲ್ಲ, ಕಟ್ಟಡ ಮುಗಿದರೂ ಸರ್ಟಿಫಿಕೇಟ್ ಇಲ್ಲ. ಇದನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ವಾ ಅನ್ನಿಸಿತು. ಎರಡು ವರ್ಷ ಅಲ್ಲೇ ಕೆಲಸ ಮಾಡುತ್ತಾ ಓದಿದೆ. 2019ರಲ್ಲಿ ಅದನ್ನು ಬಿಟ್ಟು, ಕಟ್ಟಡಗಳನ್ನು ಅಂಗವಿಕಲರು ಬಳಸಬಹುದೇ ಅಂತ ಪರೀಕ್ಷಿಸುವ ಆಡಿಟ್ ಕೆಲಸ ಶುರುಮಾಡಿದೆ.

ಪುಸ್ತಕದಲ್ಲಿ ಕಲಿತದ್ದು ಕಡಿಮೆ. ಜಾಸ್ತಿ ಕಲಿಸಿದ್ದು ನಮ್ಮ ಬೀದಿಯ ಒಬ್ಬ ಅಕ್ಕ. ಲೆಕ್ಕಪತ್ರದ ಕೆಲಸ ಅವರದು, ಚಿಕ್ಕಂದಿನ ಪೋಲಿಯೋದಿಂದ ವೀಲ್‌ಚೇರ್ ಬಳಸುತ್ತಾರೆ. ಮೊದಲ ಆಡಿಟ್ಟಿಗೆ ಕರೆದಾಗ "ಎಷ್ಟು ಕೊಡ್ತೀಯ?" ಅಂದರು. ನಾನು ತಡವರಿಸಿದೆ. "ನನ್ನ ಅನುಭವ ಬೇಕು, ದುಡ್ಡು ಮಾತ್ರ ನಿಂಗಾ?" ಅಂದರು. ಆ ಕೆಲಸಕ್ಕೆ ಸಿಕ್ಕಿದ್ದು 15,000 ರೂಪಾಯಿ, ಅರ್ಧ ಅವರಿಗೆ ಕೊಟ್ಟೆ. ಇವತ್ತಿಗೂ ಜೊತೆಗೆ ಬರುವವರ ದಿನಗೂಲಿ ನನ್ನ ಕೊಟೇಶನ್ನಿನಲ್ಲಿ ಬೇರೆ ಸಾಲಾಗಿಯೇ ಇರುತ್ತದೆ. ಇದಕ್ಕೆ ಚೌಕಾಸಿ ಮಾಡುವವರ ಕೆಲಸ ನಾನು ಹಿಡಿಯುವುದಿಲ್ಲ.

ಆ ಮೊದಲ ಕಟ್ಟಡದ ಟಾಯ್ಲೆಟ್ ನಕ್ಷೆಯಲ್ಲಿ ಚೆನ್ನಾಗೇ ಇತ್ತು. ಬಾಗಿಲು 900 ಮಿಲಿಮೀಟರ್, ಒಳಗೆ ವೀಲ್‌ಚೇರ್ ತಿರುಗಿಸಲು 1500 ಮಿಲಿಮೀಟರ್ ಅಡ್ಡಳತೆಯ ಜಾಗ. ಟೇಪು ಹಿಡಿದು ಎಲ್ಲದಕ್ಕೂ ಸರಿ ಗುರುತು ಹಾಕಿದೆ. ಅಕ್ಕ ಒಳಗೆ ಹೋದರೆ ತಿರುಗಲು ಆಗುತ್ತಿಲ್ಲ. ಮೂಲೆಯಲ್ಲಿ ಎರಡು ಬಕೆಟ್, ಒಂದು ಮಾಪು, ಫಿನಾಯಿಲ್ ಕ್ಯಾನ್. ಬಿದ್ದರೆ ಎಳೆದು ಸಹಾಯಕ್ಕೆ ಕರೆಯಲು ಇಟ್ಟ ಕೆಂಪು ದಾರ ಮೇಲೆ ಸುತ್ತಿ ಗಂಟು ಹಾಕಿತ್ತು. ಕ್ಲೀನಿಂಗ್ ಅಮ್ಮನನ್ನು ಕೇಳಿದೆ. "ನೆಲ ಒರೆಸುವಾಗ ನೆನೆಯುತ್ತೆ ಸಾರ್, ಅದಕ್ಕೇ ಕಟ್ಟಿದ್ದು. ಅದು ಯಾಕಿದೆ ಅಂತ ಯಾರೂ ಹೇಳ್ಲಿಲ್ಲ" ಅಂದರು. ಅವರದೇನು ತಪ್ಪು? ಈಗ ಆಡಿಟ್ ದಿನ ಮೊದಲು ಮಾತಾಡಿಸುವುದು ಕ್ಲೀನಿಂಗ್‌ನವರನ್ನು, ವಾಚ್‌ಮನ್ನರನ್ನು. ಮ್ಯಾನೇಜರ್ ಆಮೇಲೆ.

ನನ್ನ ಬ್ಯಾಗಿನಲ್ಲಿ ಟೇಪು, ಇಳಿಜಾರು ಅಳೆಯುವ ಡಿಜಿಟಲ್ ರಸಮಟ್ಟ, ಬಾಗಿಲು ತಳ್ಳಲು ಎಷ್ಟು ಬಲ ಬೇಕು ಅಂತ ನೋಡುವ ಗೇಜು, ಬೆಳಕು ಅಳೆಯುವ ಮೀಟರ್ ಇವೆ. ಮೊದಲ ವರ್ಷ ಟೇಪು, ರಸಮಟ್ಟ ಎರಡೇ ಇದ್ದವು, ಸಾಕಾಗಿತ್ತು.

ಆ ಮೊದಲ ರಿಪೋರ್ಟ್ 84 ಪುಟ ಬರೆದೆ. ಹೆಮ್ಮೆಯಿಂದ ಸ್ಪೈರಲ್ ಬೈಂಡ್ ಮಾಡಿಸಿಯೂ ಕೊಟ್ಟೆ. ಆರು ತಿಂಗಳ ನಂತರ ಹೋದರೆ ಒಂದು ಬಕೆಟ್ಟೂ ಕದಲಿರಲಿಲ್ಲ. ಈಗ ಮೊದಲ ಪುಟದಲ್ಲಿ ಈ ವಾರವೇ ಆಗುವ, ದುಡ್ಡು ಬೇಡದ ಕೆಲಸಗಳನ್ನಷ್ಟೇ ಬರೆಯುತ್ತೇನೆ. ದಾರ ಬಿಚ್ಚಿ. ಬಕೆಟ್ ತೆಗೆಯಿರಿ. ಕುರುಡರಿಗಾಗಿ ಹಾಕಿದ ಉಬ್ಬು ಟೈಲ್ಸ್ ಮೇಲಿಂದ ಹೂಕುಂಡ ಎತ್ತಿ. ಗೋಡೆ ಒಡೆಯುವ ಮಾತೆಲ್ಲ ಹಿಂದಿನ ಪುಟಗಳಲ್ಲಿ.

ಸರ್ಟಿಫಿಕೇಟ್ ಬೇಕಾ ಅಂತ ಹುಡುಗರು ಕೇಳುತ್ತಾರೆ. ಐಎಎಪಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ಕಟ್ಟಡಗಳಿಗೆಂದೇ ಸಿಪಿಎಬಿಇ ಪರೀಕ್ಷೆ ನಡೆಸುತ್ತದೆ. ನಾನು ಬರೆದದ್ದು ಕೆಲಸ ಶುರುಮಾಡಿ ನಾಲ್ಕು ವರ್ಷ ಆದ ಮೇಲೆ. ಹೊರದೇಶದ ಕಂಪನಿಗಳ ಬೆಂಗಳೂರು ಆಫೀಸಿಗೆ ಹೋಗುವಾಗ ಉಪಯೋಗಕ್ಕೆ ಬರುತ್ತೆ. ಅದಕ್ಕೂ ಮೊದಲು ಅಂಗವಿಕಲರೂ ಬಳಸಬಹುದಾದ ಕಟ್ಟಡಗಳ ಬಗ್ಗೆ ಕೇಂದ್ರದ 2021ರ ಮಾರ್ಗಸೂಚಿಯನ್ನು ಟೇಪಿನ ಜೊತೆ ಇಟ್ಟುಕೊಂಡು ನಿಮ್ಮ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಒಂದು ದಿನ ಕಳೆಯಿರಿ.

ಕೆಲಸ ಹುಡುಕುವುದೇ ಕಷ್ಟ ಇತ್ತು. ಆರ್ಕಿಟೆಕ್ಟ್‌ಗಳು ಕರೆಯುತ್ತಿದ್ದದ್ದು ಟೈಲ್ಸ್ ಹಾಕಿ ಮುಗಿದ ಮೇಲೆ. 2024ರ ನವೆಂಬರ್‌ನಲ್ಲಿ, ಸಾರ್ವಜನಿಕ ಜಾಗಗಳನ್ನು ಅಂಗವಿಕಲರೂ ಬಳಸುವಂತಿರಬೇಕು ಅಂತ ಹಾಕಿದ್ದ ರಾಜೀವ್ ರತೂರಿ ಪ್ರಕರಣದ ತೀರ್ಪು ಬಂತು. ನಿಯಮಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಿರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ನಕ್ಷೆ ಹಂತದಲ್ಲೇ ಫೋನು ಬರುವುದು ಸ್ವಲ್ಪ ಜಾಸ್ತಿಯಾಗಿದೆ.

ಹೋದ ವರ್ಷ ಮದುವೆಗೆಂದು ದಾವಣಗೆರೆಗೆ ಹೋಗಿದ್ದೆವು. ಅಕ್ಕನಿಗೆ ಆ ಬ್ಯಾಂಕ್ ತೋರಿಸಿದೆ. ನನ್ನ ರ‍್ಯಾಂಪ್ ಮೇಲೆ ಬೈಕು ನಿಂತಿತ್ತು. ಅಕ್ಕ ಬೈಯಲಿಲ್ಲ, ಕಟ್ಟಡದ ಸುತ್ತ ಒಂದು ಸುತ್ತು ಹಾಕಿದರು. ಹಿಂಬದಿಯಲ್ಲಿ ನೆಲ ಎತ್ತರ, ಸಿಬ್ಬಂದಿ ಬಾಗಿಲಿಗೆ ಒಂದೇ ಮೆಟ್ಟಿಲು, ಆರು ಇಂಚು. "ಇಲ್ಲಿ ಆರಡಿ ಸಾಕಾಗಿತ್ತಲ್ಲೋ" ಅಂದರು. ಅಲ್ಲಿ ಜನರೇಟರ್ ಇದೆ, ಸರಿಸಬೇಕು. ಖರ್ಚಿಲ್ಲದೆ ನಕ್ಷೆ ಮಾಡಿಕೊಡ್ತೀನಿ ಅಂತ ಎರಡು ಪತ್ರ ಬರೆದಿದ್ದೇನೆ. ಉತ್ತರ ಬಂದಿಲ್ಲ. ಮೂರನೆಯದನ್ನು ಕೈಯಲ್ಲೇ ಕೊಟ್ಟು ಬರಬೇಕು.