ಡೇಟಾಬೇಸ್‌ಗೆ ಕನ್ನಡದಲ್ಲೇ ಪ್ರಶ್ನೆ ಕೇಳಿ ಸರಿಯಾದ ಲೆಕ್ಕ ತೆಗೆಯೋದು ಹೇಗೆ

ಕೋಲಾರದ ಟೊಮೆಟೊ ಮಂಡಿಗಳ ಲೆಕ್ಕ ಈಗ ಕಂಪ್ಯೂಟರಲ್ಲಿದೆ. 'ಹೋದ ತಿಂಗಳು ಮುಳಬಾಗಿಲಿಂದ ಎಷ್ಟು ಬಾಕ್ಸ್ ಬಂತು' ಅಂತ ಟೈಪ್ ಮಾಡಿದ್ರೆ ಎಐ ಅದನ್ನ ಎಸ್‌ಕ್ಯೂಎಲ್‌ಗೆ, ಅಂದ್ರೆ ಡೇಟಾಬೇಸ್‌ಗೆ ಪ್ರಶ್ನೆ ಕೇಳೋ ಭಾಷೆಗೆ, ಬದಲಾಯಿಸಿ ಉತ್ತರ ಕೊಡುತ್ತೆ, ಜನ ಆ ನಂಬರನ್ನ ಹಾಗೇ ರೈತರಿಗೆ ಹೇಳ್ಬಿಡ್ತಾರೆ, ಇದನ್ನ ನೋಡಿ ನೋಡಿ ಸಾಕಾಗಿ ಬರೀತಿದೀನಿ.

ಮೊದಲು ಡೇಟಾಬೇಸ್‌ಗೆ ಬರೀ ಓದೋ ಪರ್ಮಿಷನ್ ಇರೋ ಬೇರೆ ಯೂಸರ್ ಮಾಡಿ, ಎಐಗೆ ಅದನ್ನೇ ಕೊಡಿ.

ಎರಡನೇದು ಕಾಲಮ್‌ಗಳ ವಿವರ ಬರೆಯೋದು, ಎಲ್ಲರೂ ಎಡವೋದು ಇಲ್ಲೇ. 'ರೇಟ್' ಅಂತ ಕಾಲಮ್ ಇದ್ರೆ ಅದು ಕೆಜಿಗಾ, 15 ಕೆಜಿ ಬಾಕ್ಸ್‌ಗಾ ಅಂತ ಎಐಗೆ ಹೇಗೆ ಗೊತ್ತಾಗ್ಬೇಕು? ಕಮಿಷನ್ ಕಳೆದ ಮೊತ್ತನಾ, ಕಳೆಯೋ ಮುಂಚಿನದಾ? 'ಹೋದ ವರ್ಷ' ಅಂದ್ರೆ ಜನವರಿಯಿಂದನಾ, ಏಪ್ರಿಲ್‌ನಿಂದನಾ? ಒಬ್ಬ ಮುಳಬಾಗಿಲು ಅಂತ, ಇನ್ನೊಬ್ಬ ಮುಳಬಾಗಲು ಅಂತ ಎಂಟ್ರಿ ಮಾಡಿದ್ರೆ ಅರ್ಧ ಮಾಲು ಲೆಕ್ಕಕ್ಕೇ ಬರಲ್ಲ. ಇದನ್ನೆಲ್ಲ ಒಂದೊಂದೇ ಸಾಲಲ್ಲಿ ಬರೆದು ಪ್ರತಿ ಪ್ರಶ್ನೆ ಜೊತೆ ಹೋಗೋ ಹಾಗೆ ಇಡಿ. 1970ರ ದಶಕದ ಶುರುವಲ್ಲೇ ಚಂದ್ರನ ಕಲ್ಲುಗಳ ಮಾಹಿತಿ ಇಂಗ್ಲಿಷಲ್ಲಿ ಕೇಳೋಕೆ ಲೂನಾರ್ ಅನ್ನೋ ಸಿಸ್ಟಮ್ ಇತ್ತು, ಅದಕ್ಕೂ ಆ ವಿಷಯದ ಪದಗಳನ್ನ ಮೊದಲೇ ಕಲಿಸಿದ್ರು. 'ಏನೂ ಸೆಟಪ್ ಬೇಡ, ಕನೆಕ್ಟ್ ಮಾಡಿ ಕೇಳಿ ಸಾಕು' ಅಂತ ಮಾರೋ ಟೂಲ್‌ಗಳನ್ನ ಕೊಳ್ಳಲೇಬೇಡಿ.

ಪ್ರಶ್ನೆ ಕೇಳೋದು ಸುಲಭ: ತಾರೀಖು, ಊರು, ಅಳತೆ ಮೂರೂ ಹಾಕಿ.

ಉತ್ತರ ಬಂದ್ಮೇಲೆ ಎಸ್‌ಕ್ಯೂಎಲ್ ತೋರಿಸು ಅನ್ನಿ, ತೋರಿಸದ ಟೂಲ್ ಬೇಡ. ಅದರಲ್ಲಿ 'ಜಾಯಿನ್' (JOIN), ಅಂದ್ರೆ ಎರಡು ಟೇಬಲ್ ಸೇರಿಸೋ ಆಜ್ಞೆ, ಇದೆಯಾ ನೋಡಿ. 100 ಬಾಕ್ಸ್‌ನ ಒಂದು ಲಾಟ್‌ಗೆ ದುಡ್ಡು ಎರಡು ಕಂತಲ್ಲಿ ಕೊಟ್ಟಿದ್ರೆ, ಲಾಟ್ ಟೇಬಲ್‌ಗೆ ಪೇಮೆಂಟ್ ಟೇಬಲ್ ಸೇರಿಸಿದಾಗ ಆ ಲಾಟ್ ಎರಡು ಸಾಲಾಗುತ್ತೆ, ಕೂಡಿದ್ರೆ 200 ಬಾಕ್ಸ್! ಎರರ್ ಏನೂ ಬರಲ್ಲ, ಅದೇ ಅಪಾಯ. ಪೇಮೆಂಟನ್ನ ಲಾಟ್‌ವಾರು ಮೊದಲು ಕೂಡಿ ಆಮೇಲೆ ಜಾಯಿನ್ ಮಾಡು ಅಂತ ವಿವರದಲ್ಲೇ ಬರೆದಿಡಿ.

ಆಮೇಲೆ ಒಂದು ದಿನದ ಲೆಕ್ಕನ ಚೀಟಿ ಪುಸ್ತಕದ ಜೊತೆ ತಾಳೆ ನೋಡಿ. ಸರಿ ಬಂದ ಪ್ರಶ್ನೆ, ಅದರ ಎಸ್‌ಕ್ಯೂಎಲ್ ಎರಡನ್ನೂ ಉದಾಹರಣೆಯಾಗಿ ಸೇವ್ ಮಾಡಿ, ಮುಂದಿನ ಪ್ರಶ್ನೆ ಜೊತೆ ಅದನ್ನೂ ಕಳಿಸಿ.