ಸಿಮೆಂಟಿಲ್ಲದ ಕಲ್ಲುಬೇಲಿ: ನಾನು ಗೇಬಿಯನ್ ಕಟ್ಟಿದ ಬಗೆ

ಮಡಿಕೇರಿ ಕಡೆ ಕಾಂಪೌಂಡ್ ಗೋಡೆ ಬಿತ್ತೆಂದರೆ ಹೆಚ್ಚಾಗಿ ಅದು ನೀರಿನ ಕೆಲಸ. ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ, ನಮ್ಮ ತೋಟದವರ ಲೆಕ್ಕದಲ್ಲಿ ಹತ್ತಿರಹತ್ತಿರ 120 ಇಂಚು. ಇಳಿಜಾರಲ್ಲಿ ಬಂದ ನೀರು ಗೋಡೆಯ ಹಿಂದೆ ನಿಂತು ಬುಡದ ಮಣ್ಣನ್ನು ಮೆತ್ತಗೆ ಮಾಡುತ್ತದೆ, ಒಂದು ರಾತ್ರಿ ಗೋಡೆ ಮಲಗುತ್ತದೆ. 2018ರ ಆಗಸ್ಟ್‌ನಲ್ಲಿ ಬರೆಗಳು, ಎಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿಗಳು, ಕುಸಿದದ್ದನ್ನು ನೋಡಿದ ಮೇಲೆ ನೀರಿಗೆ ಅಡ್ಡ ನಿಲ್ಲುವಂಥದ್ದನ್ನು ಕಟ್ಟುವ ಮನಸ್ಸು ನನಗಿರಲಿಲ್ಲ. ಹೂದೋಟಕ್ಕೆ ಬೇಲಿಯಂತೂ ಬೇಕಿತ್ತು. ಮನೆ ಜಾಗ ಮಟ್ಟ ಮಾಡುವಾಗ ಜೆಸಿಬಿ ಎತ್ತಿಹಾಕಿದ್ದ ಕಲ್ಲಿನ ರಾಶಿಯೂ ಬಿದ್ದಿತ್ತು. ತಂತಿಬಲೆಯ ಪೆಟ್ಟಿಗೆಯೊಳಗೆ ಕಲ್ಲು ತುಂಬುವ ಗೇಬಿಯನ್ ಎರಡಕ್ಕೂ ಸರಿಹೊಂದಿತು.

ರಸ್ತೆ ಬದಿಯಲ್ಲಿ ಕಾಣುವ ಗೇಬಿಯನ್‌ಗೆ ಆರು ಮೂಲೆಯ ಕಣ್ಣಿರುವ ಹೆಣೆದ ಬಲೆ ಬಳಸುತ್ತಾರೆ. ಅದು ಬಾಗುತ್ತದೆ, ನೆಲ ಕೂತರೆ ತಾನೂ ಕೂರುತ್ತದೆ. ಹೊಳೆದಂಡೆಗೆ ಅದೇ ಸರಿ. ಮನೆ ಮುಂದಿನ ಬೇಲಿಗೆ ಮಾತ್ರ ಬೇಡ, ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ. ನಾನು ತೆಗೆದುಕೊಂಡದ್ದು 3 ಇಂಚು ಚೌಕದ ವೆಲ್ಡ್ ಮೆಷ್ (ಬೆಸುಗೆ ಹಾಕಿದ ಬಲೆ), 10 ಗೇಜ್, ಎಂದರೆ 3.25 ಮಿಲಿಮೀಟರ್ ದಪ್ಪದ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ. ಸತು ಲೇಪನ ಒಳ್ಳೆಯದಿರಬೇಕು; ನಮ್ಮ ಮಳೆಗಾಲಕ್ಕೆ ಇದರಲ್ಲಿ ಚೌಕಾಸಿ ನಡೆಯುವುದಿಲ್ಲ. ಕಟ್ಟುವ ತಂತಿಯೂ ಜಿಐ ಆಗಿರಲಿ. ಕಂಬಿ ಕಟ್ಟುವ ಕಪ್ಪು ಬೈಂಡಿಂಗ್ ವೈರ್ ಬೇಗ ತುಕ್ಕು ಹಿಡಿದು ತುಂಡಾಗುತ್ತದೆ.

ಅಳತೆ: 4 ಅಡಿ ಎತ್ತರ, ಒಂದೂವರೆ ಅಡಿ ಅಗಲ. ಇಷ್ಟಕ್ಕೇ ಉದ್ದದ ಪ್ರತಿ ಅಡಿಗೂ ಸುಮಾರು 300 ಕೆಜಿ ಭಾರ ಬೀಳುತ್ತದೆ. ಹಾಗಾಗಿ ಬುಡ ಮುಖ್ಯ. ರೋಬಸ್ಟಾ ಕಾಫಿ ಕೊಯ್ಲು ಮುಗಿದು ಆಳುಗಳು ಸಿಗುವ ಹೊತ್ತಿಗೆ ಕೆಲಸ ಶುರುಮಾಡಿ, ಮೇಲಿನ ಮೆತ್ತನೆ ಮಣ್ಣು ತೆಗೆದು ಒಂದಡಿ ಆಳದ ಚರಂಡಿ ತೋಡಿಸಿದೆ. ಅದಕ್ಕೆ 40 ಎಂಎಂ ಜಲ್ಲಿ ಹರವಿ ದಮ್ಮಸು ಹೊಡೆಸಿದೆ. ಇಳಿಜಾರಿದ್ದಲ್ಲಿ ಪೆಟ್ಟಿಗೆಯನ್ನು ಓರೆಯಾಗಿ ಕೂರಿಸದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದೆ. ಪ್ರತಿ 6 ಅಡಿಗೊಂದು 2 ಇಂಚಿನ ಜಿಐ ಪೈಪನ್ನು 2 ಅಡಿ ಆಳಕ್ಕೆ ಕಾಂಕ್ರೀಟಿನಲ್ಲಿ ನಿಲ್ಲಿಸಿದೆ. ಪೆಟ್ಟಿಗೆ ಕಟ್ಟಿದ ಮೇಲೆ ಪೈಪು ನಡುವೆ ಸೇರಿ ಕಾಣುವುದಿಲ್ಲ.

ಇದು ಬೇಲಿ ಮಾತ್ರ, ತಡೆಗೋಡೆ ಅಲ್ಲ. ಹಿಂದಿನ ಬರೆಯ ಮಣ್ಣನ್ನು ಹಿಡಿದು ನಿಲ್ಲಬೇಕಾದ ಗೇಬಿಯನ್‌ನ ಬುಡ ಎತ್ತರದ ಅರ್ಧಕ್ಕಿಂತ ಅಗಲ ಇರಬೇಕಾಗುತ್ತದೆ. ಹಿಂಬದಿಗೆ ಮಣ್ಣು ಸೋಸುವ ಬಟ್ಟೆಯೂ ಬೇಕು. ಅದಕ್ಕೆ ಎಂಜಿನಿಯರನ್ನೇ ಕರೆಯಿರಿ.

ಕಲ್ಲು ಆರಿಸುವುದಕ್ಕೆ ನಾನು ಸುತ್ತಿಗೆ ಹಿಡಿದು ಕೂತೆ. ಗಟ್ಟಿ ಕಾಡುಗಲ್ಲಿಗೆ ಹೊಡೆದರೆ ಠಣ್ ಎನ್ನುತ್ತದೆ. ಅರ್ಧ ಮಣ್ಣಾದದ್ದು ದೊಪ್ ಎಂದು ಅಂಚಿನಲ್ಲಿ ಹಳದಿ ಪುಡಿ ಉದುರಿಸುತ್ತದೆ. ಅಂಥದ್ದನ್ನೂ ಮುರಕಲ್ಲನ್ನೂ (ಜಂಬಿಟ್ಟಿಗೆ ಕಲ್ಲು) ಬಿಟ್ಟೆ. ಬಲೆಯ ಕಣ್ಣು 3 ಇಂಚು, ಹಾಗಾಗಿ 4ರಿಂದ 8 ಇಂಚಿನ ಕಲ್ಲು. ಮನೆಯ ರಾಶಿ ಸಾಲದೆ ಹೊರಗಿನಿಂದ ತರಿಸಿದೆ. ಖರ್ಚು ಏರಿದ್ದು ಅಲ್ಲೇ, ಕಲ್ಲಿಗಿಂತ ಸಾಗಾಟಕ್ಕೆ.

ತುಂಬುವುದು ಸುರಿಯುವ ಕೆಲಸವಲ್ಲ, ಜೋಡಿಸುವ ಕೆಲಸ. ಬಲೆ ಉಬ್ಬದಂತೆ ಮುಂಬದಿಗೆ ಸಿಲ್ವರ್ ಓಕ್ ಹಲಗೆ ಬಿಗಿದು ಕಟ್ಟಿದೆವು. ಕಲ್ಲಿನ ಚಪ್ಪಟೆ ಮೈ ಹೊರಗೆ, ಮೊನೆ ಒಳಗೆ. ಕೆಳಗಿನ ಎರಡು ಕಲ್ಲಿನ ಸಂದು ಮೇಲಿನ ಕಲ್ಲಿನ ಹೊಟ್ಟೆಯಡಿ ಬರಬೇಕು. ನಡುವೆ ಒರಟು ಕಲ್ಲು ಹಾಕಿ, ಅಲುಗಿದರೆ ಚಿಕ್ಕದೊಂದನ್ನು ಒತ್ತಿ ಬಿಗಿ ಮಾಡುವುದು. ಎತ್ತರದ ಮೂರನೇ ಒಂದು ಭಾಗ ತುಂಬಿದಾಗ ಮುಂದಿನ ಬಲೆಯಿಂದ ಹಿಂದಿನ ಬಲೆಗೆ ತಂತಿ ಎಳೆದು, ನಡುವೆ ಕಬ್ಬಿಣದ ತುಂಡು ತೂರಿಸಿ ತಿರುಚಿ ಬಿಗಿಯಬೇಕು. ಮೂರನೇ ಎರಡು ಭಾಗಕ್ಕೆ ಬಂದಾಗ ಮತ್ತೊಮ್ಮೆ. ಗೇಬಿಯನ್ ನೆಟ್ಟಗೆ ನಿಲ್ಲುವುದು ಈ ಅಡ್ಡತಂತಿಯ ದೆಸೆಯಿಂದ.

ಮೇಸ್ತ್ರಿಗೆ ಸಮಾಧಾನ ಇರಲಿಲ್ಲ. “ಅಣ್ಣ, ಸಂದಿಗೆ ಸ್ವಲ್ಪ ಸಿಮೆಂಟ್ ಹಾಕಿಬಿಡುವ, ಗಟ್ಟಿ ನಿಲ್ತದೆ.”

“ಬೇಡಪ್ಪ. ಸಂದಿ ಮುಚ್ಚಿದ್ರೆ ನೀರು ಎಲ್ಲಿಂದ ಹೋಗ್ಬೇಕು?”

“ಹಾವು ಬಂದು ಕೂತ್ರೆ?”

ಅವನ ಮಾತು ಸುಳ್ಳಲ್ಲ. ಕಲ್ಲಿನ ಸಂದಿಯಲ್ಲಿ ಕಪ್ಪೆ, ಹಲ್ಲಿ ಸೇರುತ್ತವೆ, ಅವುಗಳ ಹಿಂದೆ ಹಾವೂ ಬರಬಹುದು. ಆದ್ದರಿಂದ ಅಡುಗೆಮನೆ ಬಾಗಿಲ ಹತ್ತಿರ ಬೇಲಿಯನ್ನು ಒಯ್ಯಲಿಲ್ಲ, ಬುಡದ ಹುಲ್ಲು ಬೆಳೆಯಲು ಬಿಡುವುದಿಲ್ಲ. ಕಾಡುಹಂದಿ ಇದನ್ನು ದೂಡಲಾರದು. ಆನೆ ವಿಷಯ ಬೇರೆ. ಅದಕ್ಕೆ ಬರಬೇಕೆನಿಸಿದರೆ ನನ್ನ ಕಲ್ಲುಬೇಲಿಯ ಅನುಮತಿ ಬೇಕಾಗಿಲ್ಲ.

ಕಲ್ಲು ಕೂರುತ್ತದೆಂದು ಒಂದಿಂಚು ಹೆಚ್ಚಿಗೆ ತುಂಬಿ ಮೇಲಿನ ಬಲೆ ಎಳೆದು ಹೊಲಿದೆವು. ಕತ್ತರಿಸಿದ ತಂತಿಯ ತುದಿಗಳನ್ನು ಒಳಗೆ ಮಡಚಿ ಸತುವಿನ ಪೇಂಟ್ ಬಳಿದೆ. ಮಳೆಗಾಲ ಮುಗಿದ ಮೇಲೆ ಒಂದು ಸುತ್ತು ಹಾಕಿ ಸಡಿಲವಾದ ಕಟ್ಟುಗಳನ್ನು ಬಿಗಿ ಮಾಡುತ್ತೇನೆ. ಗೇಟನ್ನು ಮಾತ್ರ ಗೇಬಿಯನ್‌ಗೆ ನೇತುಹಾಕಬೇಡಿ. ಅದಕ್ಕೆ ಬೇರೆಯೇ ಕಾಂಕ್ರೀಟ್ ಕಂಬ ನಿಲ್ಲಿಸಿ, ಬೇಲಿಗೂ ಕಂಬಕ್ಕೂ ನಡುವೆ ಎರಡು ಬೆರಳಷ್ಟು ಜಾಗ ಬಿಡಿ.