ಕೋಶ ದುಂಡಗಾಗುವ ಮೊದಲೇ ಕಾಣುವ ಫಾಸ್ಫೇಟ್

ಗಡ್ಡೆ ತರುವ ವೈರಸ್ ಒಂದು ಒಳ್ಳೆಯ ಜೀವಕೋಶವನ್ನು ಹೇಗೆ ಕೆಡಿಸುತ್ತದೆ ಅಂತ ಕಣ್ಣಾರೆ ನೋಡಬೇಕಿತ್ತು. ಅದಕ್ಕೆ ಆರಿಸಿಕೊಂಡಿದ್ದು ರೌಸ್ ಸಾರ್ಕೋಮಾ ವೈರಸ್. 1911ರಲ್ಲಿ ಪೇಟನ್ ರೌಸ್ ಕೋಳಿಯ ಗಡ್ಡೆ ಅರೆದು, ಕೋಶಗಳೇ ಉಳಿಯದಂತೆ ಸೋಸಿ, ಆ ರಸ ಚುಚ್ಚಿದ ಕೋಳಿಗೂ ಗಡ್ಡೆ ಬರುತ್ತದೆ ಎಂದು ತೋರಿಸಿದರಲ್ಲ, ಅದೇ. ಕೋಶ ಕೆಡಿಸುವ ಶಕ್ತಿಯೆಲ್ಲ ಅದರ ಒಂದೇ ಜೀನಿನಲ್ಲಿದೆ, ವಿ-ಸಾರ್ಕ್. ಆ ಜೀನಿನ ಪ್ರೋಟೀನ್ ಕೋಶದ ಶಕ್ತಿ ಹೊರುವ ಎಟಿಪಿ ಅಣುವಿನಿಂದ ಫಾಸ್ಫೇಟ್ ತೆಗೆದು ಬೇರೆ ಪ್ರೋಟೀನುಗಳಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಸುತ್ತದೆ.

ನಾನು ಬಳಸಿದ್ದು ಬಿಸಿ ಜಾಸ್ತಿಯಾದರೆ ಕೆಲಸ ನಿಲ್ಲಿಸುವ ವಿ-ಸಾರ್ಕ್ ಇರುವ ಇಲಿಯ ಫೈಬ್ರೋಬ್ಲಾಸ್ಟ್‌ಗಳನ್ನು (ಅಂಗಾಂಶಗಳನ್ನು ಕೂಡಿಸಿ ಹಿಡಿಯುವ ನಾರು ತಯಾರಿಸುವ ಕೋಶಗಳು). 40 ಡಿಗ್ರಿಯಲ್ಲಿ ಅವು ತಟ್ಟೆಗೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತವೆ. 35ಕ್ಕೆ ಇಳಿಸಿದರೆ ಸಾರ್ಕ್ ಕೆಲಸ ಶುರು. ವೈರಸ್ ಜೀನ್ ಇಲ್ಲದ ಕೋಶಗಳನ್ನೂ ಜೊತೆಗೇ ಇಳಿಸಿದೆ. ಆದದ್ದೆಲ್ಲ ಬರೀ ತಂಪಿನಿಂದ ಅನ್ನುವ ಅನುಮಾನ ಉಳಿಯಬಾರದಲ್ವಾ?

ಇಲ್ಲಿ ನಿಜವಾದ ಕಷ್ಟ ಫಾಸ್ಫೇಟನ್ನು ಉಳಿಸಿಕೊಳ್ಳುವುದು. ಸಾಮಾನ್ಯ ಕೋಶದ ಪ್ರೋಟೀನುಗಳಿಗೆ ಅಂಟಿದ ಫಾಸ್ಫೇಟಿನಲ್ಲಿ ಟೈರೋಸಿನ್ ಪಾಲು ಸುಮಾರು 0.03% ಅಷ್ಟೇ. ಈ ವೈರಸ್ ಹೊಕ್ಕರೆ ಅದು ಹತ್ತು ಪಟ್ಟು ಏರುತ್ತದೆ. ಆದರೆ ಕೋಶ ಒಡೆದ ಕೂಡಲೇ ಅಲ್ಲಿರುವ ಫಾಸ್ಫಟೇಸ್ ಎಂಬ ಕಿಣ್ವಗಳು ಆ ಫಾಸ್ಫೇಟನ್ನು ಕಿತ್ತುಹಾಕುತ್ತವೆ. ಹಾಗಾಗಿ ಎಲ್ಲವನ್ನೂ ಮಂಜುಗಡ್ಡೆಯ ಮೇಲೆ ಇಟ್ಟು, ಬಫರಿಗೆ ಆ ಕಿಣ್ವಗಳನ್ನು ತಡೆಯುವ ಸೋಡಿಯಂ ಆರ್ಥೋವನಡೇಟ್ ಬೆರೆಸಬೇಕು. ಅದನ್ನೂ ಸುಮ್ನೆ ಕರಗಿಸಿದರೆ ಆಗದು. ಪಿಎಚ್ 10ಕ್ಕೆ ತರುವಾಗ ದ್ರಾವಣ ಹಳದಿಯಾಗುತ್ತದೆ. ಬಣ್ಣ ಹೋಗುವವರೆಗೆ ಕುದಿಸಿ, ಆರಿಸಿ, ಮತ್ತೆ ಪಿಎಚ್ ನೋಡಬೇಕು. ಪ್ರೋಟೀನುಗಳನ್ನು ಪೊರೆಗೆ ಇಳಿಸಿ, ಫಾಸ್ಫೇಟ್ ಬಿದ್ದ ಟೈರೋಸಿನ್ ಹಿಡಿಯುವ ಪ್ರತಿಕಾಯದಿಂದ ನೋಡುವ ಬ್ಲಾಟಿನಲ್ಲಿ, ಪೊರೆಯ ಖಾಲಿ ಜಾಗ ಮುಚ್ಚಲು ಹಾಲಿನ ಪುಡಿ ಹಾಕಲಿಲ್ಲ. ಹಾಲಿನ ಕೇಸೀನಿನಲ್ಲೇ ಫಾಸ್ಫೇಟ್ ಇದೆ, ಹಸುವಿನ ರಕ್ತದ ಪ್ರೋಟೀನಾದ ಬಿಎಸ್‌ಎ ವಾಸಿ.

(ಸಾರ್ಕ್ ಫಾಸ್ಫೇಟ್ ಅಂಟಿಸುವುದು ಥ್ರಿಯೋನಿನ್ ಎಂಬ ಬೇರೊಂದು ಅಮೈನೋ ಆಮ್ಲಕ್ಕೆ ಅಂತಲೇ ಮೊದಲು ಎಲ್ಲರೂ ನಂಬಿದ್ದರು. 1979ರಲ್ಲಿ ಪಾಲಿಯೋಮಾ ವೈರಸ್ ಮೇಲೆ ಕೆಲಸ ಮಾಡುತ್ತಿದ್ದ ವಿಜ್ಞಾನಿ ಟೋನಿ ಹಂಟರ್ ಅಮೈನೋ ಆಮ್ಲಗಳನ್ನು ಬೇರ್ಪಡಿಸಲು ಬಳಸಿದ ಹಳೇ ಬಫರಿನ ಪಿಎಚ್ 1.9ರಿಂದ 1.7ಕ್ಕೆ ಇಳಿದಿತ್ತು. ಅದರಿಂದಲೇ ಫಾಸ್ಫೇಟ್ ಅಂಟಿದ ಟೈರೋಸಿನ್, ಥ್ರಿಯೋನಿನ್ ಎರಡೂ ಬೇರೆಯಾಗಿ ಕಂಡವು. ಈ ಕತೆ ನನಗೆ ತುಂಬ ಇಷ್ಟ.)

ತಂಪಿಗೆ ಇಳಿಸಿ ಒಂದು ಗಂಟೆಗೆ ತೆಗೆದ ಸ್ಯಾಂಪಲ್ಲಿನಲ್ಲೇ ಬ್ಲಾಟಿನ ಪಟ್ಟಿಗಳು ಕಪ್ಪಗೆ ಎದ್ದವು. ಅದೇ ಹೊತ್ತಿಗೆ ಮೈಕ್ರೋಸ್ಕೋಪಿನಲ್ಲಿ ಕೋಶಗಳು ಇನ್ನೂ ಚಪ್ಪಟೆ! ಅವು ದುಂಡಗಾಗಿ ಹೊಳೆಯತೊಡಗಿದ್ದು ಮರುದಿನ. ಫಾಸ್ಫೇಟ್ ಬಿದ್ದವುಗಳಲ್ಲಿ ಪ್ಯಾಕ್ಸಿಲಿನ್, ಎಫ್‌ಎಕೆ ಇದ್ದವು. ಎರಡೂ ಕೋಶ ತಟ್ಟೆಗೆ ಅಂಟಿಕೊಳ್ಳುವ ಜಾಗದ ಪ್ರೋಟೀನುಗಳೇ.

ನಮ್ಮ ಕೋಶಗಳಲ್ಲೂ ಸಾರ್ಕ್ ಇದೆ. ಅದರ ಬಾಲದ 530ನೇ ಟೈರೋಸಿನ್ (ಕೋಳಿಯ ಸಾರ್ಕ್‌ನಲ್ಲಿ 527ನೇದು) ಮೇಲೆ ಕೂರುವ ಫಾಸ್ಫೇಟ್ ಪ್ರೋಟೀನನ್ನು ಮಡಚಿ ಬೀಗ ಹಾಕುತ್ತದೆ. ವೈರಸ್ಸಿನದಕ್ಕೆ ಆ ಬಾಲವೇ ಇಲ್ಲ. ಆಮೇಲೆ ನಾನು ಕೋಳಿಯದೇ ಸಾರ್ಕ್ ತೆಗೆದುಕೊಂಡು, ಆ ಒಂದು ಟೈರೋಸಿನ್ ಜಾಗದಲ್ಲಿ ಫಾಸ್ಫೇಟ್ ಹಿಡಿಯಲಾಗದ ಫೀನೈಲಾಲನೀನ್ ಇಟ್ಟು ಕೋಶಗಳಿಗೆ ಸೇರಿಸಿದೆ. ವೈರಸ್ಸಿನ ಜೀನ್ ಇಲ್ಲದೆಯೇ ಅವೂ ದುಂಡಗಾದವು.